ಪದವಿಯ ಬೆಲೆ

ವಿದ್ಯೆಯು ಅಮೂಲ್ಯವಾದುದೆಂದು ಹಿರಿಯರು ಹೇಳುತ್ತಾರೆ. ಆ ಮಾತು ನಿಜ. ಆದರೆ ಆ ಅಮೂಲ್ಯ ವಸ್ತುವನ್ನು ಪಡೆಯಹೊರಟವನು ಮೊದಲು ಮೂಲ್ಯವನ್ನೇ ತೆರಬೇಕಾಗುತ್ತದೆ. ಪರೀಕ್ಷೆಯ ಫಲಿತಾಂಶ ಬಂದ ಮಾರನೆಯ ದಿನವೇ ಮನೆಮನೆಗಳಲ್ಲಿ ಲೆಕ್ಕಾಚಾರ ತೊಡಗುತ್ತದೆ: ಯಾವ ಓದಿಗೆ ಎಷ್ಟು ಹಣ? ಮೂವತ್ತು ವರ್ಷಗಳಿಗೂ ಮಿಗಿಲಾಗಿ ಪ್ರೌಢಶಾಲೆಯಲ್ಲಿ ಪಾಠ ಹೇಳಿದ ನನಗೆ ಈ ಪ್ರಶ್ನೆ ಕಿವಿಗೆ ಬೀಳದ ವರ್ಷವೇ ಇರಲಿಲ್ಲ.

ಜನರು ಸಾಮಾನ್ಯವಾಗಿ ಶುಲ್ಕವೊಂದನ್ನೇ ವೆಚ್ಚವೆಂದು ಎಣಿಸುತ್ತಾರೆ. ಶುಲ್ಕವು ಕಾಲೇಜಿನ ರಸೀದಿಯಲ್ಲಿ ಕಾಣುವ ಹಣ. ಊಟ, ವಸತಿ, ಪುಸ್ತಕ, ಬಸ್ಸಿನ ದರ ಇವು ಆ ರಸೀದಿಯಲ್ಲಿ ಕಾಣುವುದಿಲ್ಲ. ಇವೆಲ್ಲಕ್ಕಿಂತ ಸೂಕ್ಷ್ಮವಾದುದು ಕಾಲದ ವೆಚ್ಚ. ಬಿ.ಎ., ಬಿ.ಕಾಂ. ಪದವಿಗಳಿಗೆ ಮೂರು ವರ್ಷ, ಎಂಜಿನಿಯರಿಂಗ್ ಪದವಿಗೆ ನಾಲ್ಕು ವರ್ಷ, ಎಂ.ಬಿ.ಬಿ.ಎಸ್. ಪದವಿಗೆ ಆಸ್ಪತ್ರೆಯ ತರಬೇತಿಯೂ ಸೇರಿ ಐದೂವರೆ ವರ್ಷ. ಅಷ್ಟು ಕಾಲ, ದುಡಿಯಬಲ್ಲ ಮಗನೋ ಮಗಳೋ ದುಡಿಯದೆ ಓದಬೇಕು. ಅವರ ಪಾಲಿನ ದುಡಿಮೆಯನ್ನು ಮನೆಯ ಮತ್ತೊಬ್ಬರು ಹೊರಬೇಕು.

ನಮ್ಮ ಮನೆಯಲ್ಲಿ ಹಾಗೆ ಹೊತ್ತವಳು ಅಕ್ಕ. ನಮ್ಮದು ದಕ್ಷಿಣ ಕನ್ನಡದ ಒಂದು ಹಳ್ಳಿ. 1978ರಲ್ಲಿ ನಾನು ಸರಕಾರಿ ಕಾಲೇಜನ್ನು ಸೇರಿದಾಗ ಶುಲ್ಕ ಅಲ್ಪವಾಗಿತ್ತು. ಪೇಟೆಯಲ್ಲಿದ್ದು ಓದುವ ಖರ್ಚು ಅಲ್ಪವಾಗಿರಲಿಲ್ಲ. ಎಸ್.ಎಸ್.ಎಲ್.ಸಿ.ಯಲ್ಲಿ ಅಕ್ಕ ನನಗಿಂತ ಹೆಚ್ಚು ಅಂಕ ಗಳಿಸಿದ್ದಳು. ಆದರೆ ಇಬ್ಬರನ್ನು ಓದಿಸುವ ಶಕ್ತಿ ತಂದೆಯವರಿಗಿರಲಿಲ್ಲ. ಅವಳು ಜಗಲಿಯಲ್ಲಿ ಕುಳಿತು ಬೀಡಿ ಕಟ್ಟಿದಳು. ಬೀಡಿಯ ಬ್ರಾಂಚಿನಲ್ಲಿ ದೊರೆತ ಮಜೂರಿ ಪೇಟೆಯಲ್ಲಿ ನನ್ನ ಊಟವಾಯಿತು. ನನ್ನ ಪದವಿಪತ್ರದಲ್ಲಿ ಅವಳ ಹೆಸರಿಲ್ಲ.

ಎಂ.ಎ. ಓದಿನ ಲೆಕ್ಕ ಬೇರೆಯಾಗಿತ್ತು. ಮೈಸೂರು ವಿಶ್ವವಿದ್ಯಾನಿಲಯವು 1969ರಲ್ಲಿ ಅಂಚೆಯ ಮೂಲಕ ಶಿಕ್ಷಣ ನೀಡುವ ಏರ್ಪಾಡನ್ನು ಆರಂಭಿಸಿತ್ತು. ಆ ಸಂಸ್ಥೆಯೇ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. ಹಗಲು ಪಾಠ ಹೇಳಿ, ಅಂಚೆಯಲ್ಲಿ ಬಂದ ಪಾಠಗಳನ್ನು ನಾನು ರಾತ್ರಿ ಓದಿದೆ. ಸಂಬಳ ನಿಲ್ಲಲಿಲ್ಲ, ಯಾರ ಹೆಗಲಿಗೂ ಭಾರವಾಗಲಿಲ್ಲ. ಆದರೆ ಗುರುಗಳ ಎದುರು ಕುಳಿತು ಸಂಶಯ ಕೇಳುವ ಭಾಗ್ಯ ಆ ದಾರಿಯಲ್ಲಿ ವಿರಳ. ಅಗ್ಗದ ದಾರಿಗೂ ತನ್ನದೇ ಆದ ಬೆಲೆಯುಂಟು.

ಒಂದೇ ಪದವಿಗೆ ಹಲವು ಬೆಲೆಗಳಿರುವುದೂ ಉಂಟು. 1989ರಲ್ಲಿ ಕರ್ನಾಟಕದ ಖಾಸಗಿ ವೈದ್ಯಕೀಯ ಕಾಲೇಜುಗಳಿಗೆ ಸರಕಾರ ಗೊತ್ತುಪಡಿಸಿದ ವಾರ್ಷಿಕ ಶುಲ್ಕ ಸರಕಾರಿ ಸೀಟಿಗೆ 2,000 ರೂಪಾಯಿ. ರಾಜ್ಯದ ಉಳಿದ ವಿದ್ಯಾರ್ಥಿಗಳಿಗೆ 25,000 ರೂಪಾಯಿಯವರೆಗೆ. ಹೊರರಾಜ್ಯದವರಿಗೆ 60,000 ರೂಪಾಯಿಯವರೆಗೆ. ಪಾಠ ಒಂದೇ, ಪರೀಕ್ಷೆ ಒಂದೇ. 1992ರಲ್ಲಿ ಸರ್ವೋಚ್ಚ ನ್ಯಾಯಾಲಯವು ಮೋಹಿನಿ ಜೈನ್ ಪ್ರಕರಣದಲ್ಲಿ ಇಂತಹ ಕ್ಯಾಪಿಟೇಶನ್ ಶುಲ್ಕವು ಸಂವಿಧಾನದ ಸಮಾನತೆಯ ತತ್ತ್ವಕ್ಕೆ ವಿರುದ್ಧವೆಂದು ಸಾರಿತು. ಮುಂದೆ 1993 ಮತ್ತು 2002ರ ತೀರ್ಪುಗಳಿಂದ ವ್ಯವಸ್ಥೆ ಬದಲಾಯಿತು. ಆದರೂ ಒಂದೇ ಪದವಿಗೆ ಹಲವು ಬೆಲೆಗಳಿರುವುದು ತಪ್ಪಲಿಲ್ಲ.

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬುದು ಗಾದೆ. ಆದರೆ ಹಾಸಿಗೆ ಚಿಕ್ಕದೆಂದು ಮಕ್ಕಳ ಕಾಲನ್ನೇ ಮಡಿಸಿಬಿಡುವುದು ನ್ಯಾಯವಲ್ಲ. ವಿದ್ಯಾರ್ಥಿವೇತನ, ಸರಕಾರಿ ವಿದ್ಯಾರ್ಥಿನಿಲಯಗಳು ಇರುವುದು ಆ ಹಾಸಿಗೆಯನ್ನು ತುಸು ಉದ್ದ ಮಾಡುವುದಕ್ಕಾಗಿಯೇ.

ಆದುದರಿಂದ ಪದವಿಯನ್ನು ಆರಿಸುವಾಗ ಎರಡು ಲೆಕ್ಕಗಳನ್ನು ಬರೆಯಬೇಕು. ಶುಲ್ಕ, ಊಟ, ಕಾಲ, ಸಾಲ ಮಾಡಿದರೆ ಬಡ್ಡಿ ಇವು ಮೊದಲನೆಯ ಲೆಕ್ಕ. ಈ ಭಾರವನ್ನು ಹೊರುವವರು ಯಾರು ಎಂಬುದು ಎರಡನೆಯ ಲೆಕ್ಕ. ಸರಕಾರಿ ಕಾಲೇಜಿನ ಅಲ್ಪ ಶುಲ್ಕದ ಹಿಂದೆ, ಬೆಂಕಿಪೊಟ್ಟಣ ಕೊಳ್ಳುವ ಕೂಲಿಯವನ ತೆರಿಗೆಯೂ ಇದೆ. ಮುಂದೆ ಅಕ್ಕನ ಮಗಳ ಕಾಲೇಜಿನ ವೆಚ್ಚವನ್ನು ನಾನು ವಹಿಸಿಕೊಂಡೆ. ನೆಂಟರು ಅದನ್ನು ಉಪಕಾರವೆಂದರು. ನಾನು ಅದನ್ನು ಹಳೆಯ ಸಾಲದ ಒಂದು ಕಂತೆಂದು ಬರೆದುಕೊಂಡಿದ್ದೇನೆ.