ಅಪ್ಪನ ಹೆಸರಿನ 'ಅಪ್ಪ'

ನಮ್ಮಪ್ಪ 1971ರ ಯುದ್ಧದಲ್ಲಿ ಬಂಗಾಳದ ಕಡೆ ಇದ್ದವನು. ಡಿಸ್ಚಾರ್ಜ್ ಬುಕ್ಕಲ್ಲಿ ಸಂಗ್ರಾಮ್ ಮೆಡಲ್ ಉಂಟು. ಪೂರ್ವದ ರಣರಂಗದಲ್ಲಿದ್ದವರಿಗೆ ಕೊಟ್ಟ ಪೂರ್ವಿ ಸ್ಟಾರ್ ಇಲ್ಲ. ಬರೆದು ಕೇಳಿದರೆ, ಹೆಸರು ತಾಳೆಯಾಗಲ್ಲ ಅಂತ ಉತ್ತರ. ಮೆಡಲಿನ ಪಟ್ಟೀಲಿ ಪೂರ್ತಿ ಹೆಸರು, ಬುಕ್ಕಲ್ಲಿ ಕೊನೆಯ 'ಅಪ್ಪ' ಇಲ್ಲ. ನಂಬರು ಮಾತ್ರ ಎರಡರಲ್ಲೂ ಒಂದೇ!

ಕೋಲಾರದ ಕಡೆ ನಮ್ಮೂರಲ್ಲಿ ಹೊಲಗೇರಿಯೋರ ಹೆಸರಿಗೆ 'ಅಪ್ಪ' ಹಚ್ಚಿ ಕರೆದೋರು ಯಾರು? ಕರೆದಂಗೇ ಶಾಲೆ ಪುಸ್ತಕಕ್ಕೆ ಏರಿತು, ಅಲ್ಲಿಂದ ಮಿಲಿಟ್ರಿಗೆ. ಪೂರ್ತಿ ಹೆಸರು ಕೇಳಿ ಬರೆದುಕೊಂಡವನು ಯುದ್ಧದಲ್ಲಿ ಜೊತೆಗಿದ್ದ ಒಬ್ಬ ಹವಾಲ್ದಾರನಂತೆ.

ಜಯನಗರದಲ್ಲಿ ಅಫಿಡವಿಟ್ ಮಾಡಿಸಲು ಕೂತೆವು. "ಬುಕ್ಕಲ್ಲಿರೋ ಹೆಸರೇ ಸರಿ ಅಂತ ಬರೆದುಬಿಡೋಣ ತಾತ, ಬೇಗ ಆಗ್ತದೆ" ಅಂದ ಟೈಪು ಮಾಡೋ ಹುಡುಗ. ನಾನೂ ಹೂಂ ಅಂದೆ. ಬನಶಂಕರಿಯಿಂದ ಅದು ಮೂರನೇ ಓಡಾಟ.

ಅಪ್ಪ ಪೆನ್ನು ಕೆಳಗಿಟ್ಟ. "ಸ್ಟಾರು ಬರದಿದ್ರೂ ಪರವಾಗಿಲ್ಲ ಮಗ. ಆ ಹೆಸರು ತಪ್ಪು ಅಂತ ಬರಿ."

ಹುಡುಗ ಮೊದಲಿಂದ ಟೈಪು ಮಾಡಿದ.