ಕಿವಿಗೆ ಗೊತ್ತಿದ್ದ ವಿದ್ಯೆ

ನನ್ನ ತಂದೆ ಟೆಲಿಫೋನ್ ಎಕ್ಸ್‌ಚೇಂಜ್‌ನಲ್ಲಿ ದುಡಿದವರು. ನಾವು ಡಯಲ್ ಮಾಡಿದ ಅಂಕಿಗೆ ತಕ್ಕಂತೆ ಟಕಟಕನೆ ಏರಿ ತಿರುಗುವ ಸ್ಟ್ರೋಜರ್ ಯಂತ್ರಗಳ ಕಾಲವದು. ಬೆಂಗಳೂರಿನ ಐ.ಟಿ.ಐ. ಕಾರ್ಖಾನೆ ಅವನ್ನು ತಯಾರಿಸುತ್ತಿತ್ತು. ಸದ್ದು ಕೇಳಿಯೇ ತಂದೆ ದೋಷ ಎಲ್ಲಿದೆಯೆಂದು ಹೇಳುತ್ತಿದ್ದರು. ಯಂತ್ರಗಳು ಗುಜರಿಗೆ ಹೋದವು. ತಂದೆಯೂ ತೀರಿಕೊಂಡರು. ಅವರ ಕಿವಿಗೆ ಗೊತ್ತಿದ್ದ ವಿದ್ಯೆ ಎಲ್ಲಿಯೂ ದಾಖಲಾಗಲಿಲ್ಲ.

ಆದ್ದರಿಂದಲೇ ಅಮೆರಿಕದ ಸಿಯಾಟಲ್ ನಗರದ 'ಕನೆಕ್ಷನ್ಸ್ ಮ್ಯೂಸಿಯಂ' ಬಗ್ಗೆ ಓದಿದಾಗ ಮನಸ್ಸು ತುಂಬಿ ಬಂತು. 1980ರ ದಶಕದಲ್ಲಿ ಎಲೆಕ್ಟ್ರಾನಿಕ್ ಉಪಕರಣಗಳು ಬಂದು ಹಳೆಯವು ಕಸವಾಗತೊಡಗಿದಾಗ, ಅಲ್ಲಿನ ಟೆಲಿಫೋನ್ ನೌಕರರು ಅವನ್ನು ಉಳಿಸಲು ಮುಂದಾದರು. ಇಂದಿಗೂ ಅದನ್ನು ನಡೆಸುವವರು ಸ್ವಯಂಸೇವಕರೇ. 1923ರ ಪ್ಯಾನೆಲ್ ಎಕ್ಸ್‌ಚೇಂಜ್ ಒಂದು ಅಲ್ಲಿ ಈಗಲೂ ಕೆಲಸ ಮಾಡುತ್ತಿದೆ. ಒಂದು ಫೋನಿನಿಂದ ಇನ್ನೊಂದಕ್ಕೆ ಕರೆ ಮಾಡಿದರೆ ಉದ್ದನೆಯ ಸರಳುಗಳು ಮೇಲೇರಿ ದಾರಿ ಹುಡುಕುವುದನ್ನು ಕಣ್ಣಾರೆ ಕಾಣಬಹುದು.

ಇದು ಹಣದಿಂದ ಮಾತ್ರ ಆಗುವ ಕೆಲಸವೇ? ಹಳೆಯ ನಕ್ಷೆಗಳನ್ನು ಓದಬೇಕು, ಸಂಪರ್ಕ ಬಿಂದುಗಳನ್ನು ಒರೆಸಬೇಕು, ತಂತಿಗಳನ್ನು ಬೆಸೆಯಬೇಕು. ಬಲ್ಲವರ ಪಕ್ಕದಲ್ಲಿ ನಿಂತು ಕಲಿಯುವವರು ಬೇಕು.

ನಮ್ಮಲ್ಲಿ ಕಪ್ಪು ಫೋನುಗಳು ಶೋಕೇಸಿನಲ್ಲಿ ಉಳಿದಿವೆ. ಟ್ರಂಕ್ ಕಾಲ್ ಜೋಡಿಸಿದವರು, ಮಳೆಯಲ್ಲಿ ಕಂಬ ಹತ್ತಿದ ಲೈನ್‌ಮನ್‌ಗಳು, 2013ರ ಜುಲೈಯಲ್ಲಿ ನಿಂತುಹೋದ ತಂತಿ ಸೇವೆಯ ನೌಕರರು ಇನ್ನೂ ನಮ್ಮ ಬೀದಿಗಳಲ್ಲೇ ಇದ್ದಾರೆ. ಒಂದು ಸಂಜೆ ಅವರ ಮನೆಗೆ ಹೋಗಿ, ಕೇಳಿ, ಬರೆದಿಟ್ಟುಕೊಳ್ಳಲು ಕಟ್ಟಡ ಬೇಕಿಲ್ಲ. ಆದರೆ ತಡಮಾಡುವಂತಿಲ್ಲ.