ಕಪ್ಪಗಾದ ಅಂಚಿನ ಪರವಾಗಿ

ಅಮೆರಿಕದ ಕನೆಕ್ಟಿಕಟ್ ರಾಜ್ಯದ ನ್ಯೂ ಹೇವನ್‌ನಲ್ಲಿ ವೂಸ್ಟರ್ ಸ್ಟ್ರೀಟ್ ಅಂತ ಒಂದು ಬೀದಿ. ಅದರಲ್ಲಿ ಎರಡು ಹೆಸರಾಂತ ಪಿಜ್ಜಾ ಅಂಗಡಿಗಳು. ಒಂದರ ಬಾಗಿಲಿನಿಂದ ನಡೆಯತೊಡಗಿದರೆ ಕೆಲವೇ ನಿಮಿಷಕ್ಕೆ ಇನ್ನೊಂದರ ಬಾಗಿಲು ಬರುತ್ತದೆ. ಆದರೂ ತಲೆಮಾರುಗಳಿಂದ ಒಂದರಲ್ಲೇ ತಿಂದು ಇನ್ನೊಂದರ ಹೊಸ್ತಿಲು ದಾಟದ ಮನೆಗಳು ಈ ಊರಿನಲ್ಲಿವೆ. ಮೊದಲನೆಯದನ್ನು ಶುರುಮಾಡಿದವರು ಫ್ರಾಂಕ್ ಪೆಪೆ, 1925ರಲ್ಲಿ. ಇಟಲಿಯ ಅಮಾಲ್ಫಿ ಕರಾವಳಿಯ ಮಯೋರಿಯಿಂದ ಕೂಲಿ ಹುಡುಕಿಕೊಂಡು ಬಂದವರು. ಎರಡನೆಯದು ಸ್ಯಾಲೀಸ್. ಅದನ್ನು 1938ರಲ್ಲಿ ತೆರೆದ ಸಾಲ್ವತೋರೆ ಕನ್ಸಿಲಿಯೊ ಬೇರೆ ಯಾರೂ ಅಲ್ಲ, ಪೆಪೆಯ ಸೋದರಿಯ ಮಗ. ಮಾವನ ಹತ್ತಿರ ಕೆಲಸ ಕಲಿತು ಮಾವನ ಬೀದಿಯಲ್ಲೇ ಒಲೆ ಹೂಡಿದ. ಊರು ಅಂದಿನಿಂದ ಎರಡು ಪಕ್ಷ. ಇವೆರಡೂ ಬೇಡ ಅನ್ನುವವರಿಗೆ ಸ್ಟೇಟ್ ಸ್ಟ್ರೀಟಿನ ಮಾಡರ್ನ್ ಇದೆ, 1934ರದು. ಅವರದು ಮೂರನೇ ಪಕ್ಷ.

ನಾನು ಈ ಊರಿಗೆ ಗಂಡನ ಕೆಲಸದ ನಿಮಿತ್ತ ಬಂದವಳು. ಮದುವೆಯ ಮೊದಲು ಪಿಜ್ಜಾ ಅಂದರೆ ಬೆಂಗಳೂರಿನಲ್ಲಿ ರಟ್ಟಿನ ಪೆಟ್ಟಿಗೆಯಲ್ಲಿ ಮನೆಗೆ ಬರುತ್ತಿದ್ದದ್ದು ಅಷ್ಟೇ: ದಪ್ಪನೆ ಮೆತ್ತನೆ ತಳ, ಮೇಲೆ ದೊಣ್ಣೆಮೆಣಸು, ಜೋಳದ ಕಾಳು, ಪನೀರ್. ಪಿಜ್ಜಾಕ್ಕೂ ಊರು ಇರುತ್ತದೆ, ಆ ಊರಿಗಾಗಿ ಜನ ಜಗಳ ಕಾಯುತ್ತಾರೆ ಎನ್ನುವುದು ತಿಳಿದದ್ದು ಇಲ್ಲಿ. ಈಗ ನಾನೂ ಆ ಜಗಳದಲ್ಲಿ ಒಬ್ಬಳು. ನನ್ನ ಪಕ್ಷವನ್ನು ಮೊದಲೇ ಹೇಳಿಬಿಡುತ್ತೇನೆ: ಅಮೆರಿಕದಲ್ಲಿ ಅತಿ ಒಳ್ಳೆಯ ಪಿಜ್ಜಾ ನ್ಯೂ ಹೇವನ್ನಿನದು, ಅದರಲ್ಲೂ ಮೊಜರೆಲ್ಲಾ ಹಾಕದ ಬರೀ ಟೊಮೆಟೊದ್ದು.

ಇಲ್ಲಿ ‘ಪ್ಲೇನ್’ ಅಂತ ಕೇಳಿದರೆ ಮೊಜರೆಲ್ಲಾ ಬರುವುದಿಲ್ಲ. ಅಣಬೆ, ಈರುಳ್ಳಿಯ ಹಾಗೆ ಅದನ್ನೂ ಬೇಕೆಂದು ಹೇಳಿಯೇ ಹಾಕಿಸಿಕೊಳ್ಳಬೇಕು. ತೆಳುವಾಗಿ ಎಳೆದ ಹಿಟ್ಟು, ಜಜ್ಜಿದ ಟೊಮೆಟೊ, ಒರೆಗಾನೊ, ಆಲಿವ್ ಎಣ್ಣೆ, ಮೇಲೆ ಉದುರಿಸಿದ ಪೆಕೊರಿನೊ ಚೀಸು, ಮುಗಿಯಿತು. ಇದನ್ನು ಉದ್ದನೆ ಹಿಡಿಯ ಮರದ ಹಲಗೆಯಲ್ಲಿ ಕಲ್ಲಿದ್ದಲಿನ ಒಲೆಯ ಆಳಕ್ಕೆ ನೂಕುತ್ತಾರೆ. ಒಲೆಯ ಶಾಖ 600 ಡಿಗ್ರಿ ಫ್ಯಾರನ್‌ಹೀಟ್ ದಾಟಿರುತ್ತದೆ. ಹೊರಗೆ ಬರುವಾಗ ದುಂಡಗಂತೂ ಇರುವುದಿಲ್ಲ, ಒಂದು ಕಡೆ ಚಾಚಿ ಇನ್ನೊಂದು ಕಡೆ ಮುದುಡಿ ತನಗೆ ತೋಚಿದ ಆಕಾರದಲ್ಲಿರುತ್ತದೆ. ಅಂಚು ಅಲ್ಲಲ್ಲಿ ಕಪ್ಪು. ಕಾಗದ ಹಾಸಿದ ತಗಡಿನ ತಟ್ಟೆಯಲ್ಲಿ ಹಾಗೇ ತಂದಿಡುತ್ತಾರೆ. ಹೊಸಬರು ಸೀದುಹೋಗಿದೆ ಅಂತ ಹಿಂದಕ್ಕೆ ಕಳಿಸಲು ನೋಡುತ್ತಾರೆ. ಸೀದದ್ದಲ್ಲ ಅದು. ಆ ಕಪ್ಪಿನ ನಸುಗಹಿ ಇಲ್ಲದಿದ್ದರೆ ಟೊಮೆಟೊದ ಸಿಹಿ ಇಷ್ಟು ಎದ್ದು ಕಾಣುವುದಿಲ್ಲ. ಮೊಜರೆಲ್ಲಾ ಸುರಿದರೆ ಈ ಎರಡರ ನಡುವೆ ಹಾಲಿನ ಕೊಬ್ಬು ಬಂದು ಕೂತು ಎರಡೂ ಮಂಕಾಗುತ್ತವೆ.

ಸಸ್ಯಾಹಾರಿಗಳಿಗೆ ಒಂದು ಮಾತು ಹೇಳಲೇಬೇಕು. ಪೆಕೊರಿನೊ ರೊಮಾನೊ ಕುರಿಹಾಲಿನ ಚೀಸು, ಹಾಲು ಒಡೆಯಲು ಬಳಸುವುದು ಕುರಿಮರಿಯ ಹೊಟ್ಟೆಯಿಂದ ತೆಗೆದ ರೆನೆಟ್. ಅದು ಆಗದವರು ‘ಚೀಸೇ ಬೇಡ’ ಅಂದರೆ ಸಾಕು, ಒಲೆಯ ಹತ್ತಿರ ಯಾರೂ ಮುಖ ಸಿಂಡರಿಸುವುದಿಲ್ಲ. ಪೆಪೆಯ ಬಹು ಪ್ರಸಿದ್ಧ ಪಿಜ್ಜಾ ಮಾತ್ರ ನನ್ನ ಪಾಲಿಗಿಲ್ಲ. ಅದು ಬಿಳಿ ಕ್ಲ್ಯಾಮ್ ಪಿಜ್ಜಾ: ಟೊಮೆಟೊ ಇಲ್ಲ, ಮೊಜರೆಲ್ಲಾ ಇಲ್ಲ, ಬೆಳ್ಳುಳ್ಳಿ, ಎಣ್ಣೆ, ಒರೆಗಾನೊ, ಆಗಷ್ಟೇ ಚಿಪ್ಪು ಬಿಡಿಸಿದ ಮರುವಾಯಿ. ಅದರ ರುಚಿ ನನಗೆ ಗೊತ್ತಿರುವುದು ಮಂಗಳೂರಿನ ಗೆಳತಿಯೊಬ್ಬಳ ಬಾಯಿಂದ. ಮರುವಾಯಿ ಸುಕ್ಕ ತಿಂದು ಬೆಳೆದ ಅವಳು ಮೊದಲ ತುಂಡಿಗೆ ಮಾತು ನಿಲ್ಲಿಸಿದಳು. ಆಮೇಲೆ, “ಇದಕ್ಕೆ ತೆಂಗಿನಕಾಯಿ ಬೇಡವೇ ಬೇಡ ಮಾರಾಯ್ತಿ, ಸಮುದ್ರದ ಉಪ್ಪೇ ಸಾಕು” ಅಂದಳು. ಕರಾವಳಿಯವಳು ತೆಂಗಿನಕಾಯಿ ಬೇಡ ಅಂದ ಮೇಲೆ ಬೇರೆ ಪುರಾವೆ ನನಗೆ ಬೇಕಿಲ್ಲ.

ಈ ಜಗಳಗಳನ್ನು ಕೇಳುತ್ತ ಕೇಳುತ್ತ ನನಗೆ ಒಂದು ವಿಷಯ ಖಚಿತವಾಗಿದೆ. ಜನ ವಾದ ಮಾಡುವುದು ಸಾಸಿನ ಬಗ್ಗೆ, ಚೀಸಿನ ಬಗ್ಗೆ; ಆದರೆ ಒಂದೊಂದು ಊರಿನ ಪಿಜ್ಜಾವನ್ನು ಮಾಡಿದ್ದು ಅಲ್ಲಿ ಸಿಕ್ಕ ಒಲೆ, ಅಲ್ಲಿ ಸಿಕ್ಕ ಪಾತ್ರೆ, ತಿನ್ನುವವರಿಗೆ ಇದ್ದ ಬಿಡುವು. ನ್ಯೂಯಾರ್ಕನ್ನೇ ನೋಡಿ. ಅಲ್ಲೂ ಶುರುವಾದದ್ದು ಕಲ್ಲಿದ್ದಲಿನಿಂದಲೇ. ಸ್ಪ್ರಿಂಗ್ ಸ್ಟ್ರೀಟಿನ ಲೊಂಬಾರ್ಡೀಸ್ ತನ್ನ ಹುಟ್ಟನ್ನು 1905 ಎನ್ನುತ್ತದೆ, ಕೋನಿ ಐಲೆಂಡಿನ ಟೊಟೊನೋಸ್ 1924ರದು, ಬ್ಲೀಕರ್ ಸ್ಟ್ರೀಟಿನ ಜಾನ್ಸ್ 1929ರದು. ಜಾನ್ಸ್‌ನಲ್ಲಿ ಇಂದಿಗೂ ಇಡೀ ಪಿಜ್ಜಾವನ್ನೇ ಕೊಳ್ಳಬೇಕು, ತುಂಡು ಮಾರುವುದಿಲ್ಲ. ಗ್ಯಾಸಿನ ಒಲೆ ಬಂದ ಮೇಲೆ ಲೆಕ್ಕ ಬದಲಾಯಿತು. ಅಗ್ಗದ ಒಲೆ, ಕಿರಿದಾದ ಅಂಗಡಿಯಲ್ಲೂ ಹಿಡಿಸುತ್ತದೆ, ಶಾಖ ಕಡಿಮೆ. ಬೇಯಲು ಹೆಚ್ಚು ಹೊತ್ತು ಬೇಕು, ಹಾಗಾಗಿ ನೀರಿನಂಶ ಕಡಿಮೆಯಿರುವ ಮೊಜರೆಲ್ಲಾ ಬೇಕು. ಆದರೆ ಒಮ್ಮೆ ಬೇಯಿಸಿಟ್ಟದ್ದನ್ನು ತುಂಡು ಮಾಡಿ, ಗಿರಾಕಿ ಬಂದಾಗ ಮತ್ತೆ ಒಲೆಗಿಟ್ಟು ಬಿಸಿ ಮಾಡಿ ಕೊಡಬಹುದು. ಕೆಲಸಕ್ಕೆ ಓಡುವ ಊರಿಗೆ ಅದೇ ಬೇಕಿತ್ತು. ಸ್ಲೈಸನ್ನು ಉದ್ದಕ್ಕೆ ಮಡಚಿ ಒಂದೇ ಕೈಯಲ್ಲಿ ಹಿಡಿದು ನಡೆಯುತ್ತ ತಿನ್ನುವ ರೂಢಿ ಬಂದದ್ದು ಹೀಗೆ. ಸ್ಲೈಸಿನ ಬೆಲೆ ಮತ್ತು ಸಬ್‌ವೇ ಟಿಕೆಟಿನ ಬೆಲೆ ಜೊತೆಜೊತೆಯಾಗಿ ಏರುತ್ತವೆ ಎನ್ನುವುದನ್ನು 1980ರಲ್ಲೇ ಅಲ್ಲಿಯವರು ಗುರುತಿಸಿದ್ದರು. 2014ರ ಜನವರಿಯಲ್ಲಿ ಹೊಸ ಮೇಯರ್ ಬಿಲ್ ಡಿ ಬ್ಲಾಸಿಯೊ ಚಾಕು ಫೋರ್ಕು ಹಿಡಿದು ಪಿಜ್ಜಾ ತಿಂದದ್ದು ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಯಿತು. ಹೊರಗಿನವರಿಗೆ ಅದು ವಿಚಿತ್ರ ಕಾಣಬಹುದು. ನನಗೆ ಊರಿನವರ ಸಿಟ್ಟು ಸರಿಯಾದದ್ದೇ ಅನಿಸಿತು. ಕೈಯಲ್ಲಿ ತಿನ್ನುವ ಊಟಕ್ಕೂ ತನ್ನದೇ ಶಿಸ್ತು ಇರುತ್ತದೆ ಎನ್ನುವುದನ್ನು ನಮಗೆ ಯಾರೂ ಹೇಳಿಕೊಡಬೇಕಿಲ್ಲ.

ನ್ಯೂಯಾರ್ಕಿನವರು ಎಲ್ಲ ಕೀರ್ತಿಯನ್ನೂ ತಮ್ಮ ನಲ್ಲಿ ನೀರಿಗೆ ಕೊಡುತ್ತಾರೆ. ಆ ವಾದ ನಾನು ಒಪ್ಪುವುದಿಲ್ಲ. ನೀರಿನಿಂದ ಹಿಟ್ಟಿನ ಹದ ಸ್ವಲ್ಪ ಹೆಚ್ಚುಕಡಿಮೆಯಾದೀತು. ಒಲೆ ಮತ್ತು ಕೈ ಮಾಡುವ ವ್ಯತ್ಯಾಸದ ಮುಂದೆ ಅದು ಏನೇನೂ ಅಲ್ಲ. ಕೈ ಅಂದಾಗ ಬ್ರೂಕ್ಲಿನ್ನಿನ ಡಿ ಫಾರಾ ಅಂಗಡಿಯ ಡೊಮೆನಿಕೊ ಡಿಮಾರ್ಕೊ ಅವರನ್ನು ನೆನೆಯದೆ ಮುಂದೆ ಹೋಗಲಾರೆ. 1960ರ ದಶಕದಲ್ಲಿ ಅಂಗಡಿ ತೆರೆದವರು ದಶಕಗಳ ಕಾಲ ಬಹುಮಟ್ಟಿಗೆ ಪ್ರತಿಯೊಂದು ಪಿಜ್ಜಾವನ್ನೂ ತಾವೇ ತಟ್ಟಿ, ತಾವೇ ಬೇಯಿಸಿ, ಬರಿಗೈಯಲ್ಲೇ ಒಲೆಯಿಂದ ಎಳೆದು, ಮೇಲೆ ಕತ್ತರಿಯಿಂದ ತುಳಸಿಯ ಜಾತಿಯ ಬೇಸಿಲ್ ಸೊಪ್ಪು ಕತ್ತರಿಸಿ ಉದುರಿಸುತ್ತಿದ್ದರು. ಜನ ಒಂದು ಗಂಟೆ, ಒಂದೂವರೆ ಗಂಟೆ ನಿಂತಿರುತ್ತಿದ್ದರು. ಅವರು ಅವಸರ ಪಡುತ್ತಿರಲಿಲ್ಲ, ಸಹಾಯಕ್ಕೆ ಹತ್ತು ಜನರನ್ನು ಇಟ್ಟುಕೊಂಡು ಹೆಚ್ಚು ಮಾರುವ ಗೊಡವೆಗೂ ಹೋಗಲಿಲ್ಲ. 2022ರಲ್ಲಿ ತೀರಿಕೊಂಡರು. ಆ ಅಂಗಡಿಯ ಮುಂದೆ ಕಾದು ನಿಂತಷ್ಟು ಸಮಾಧಾನದಿಂದ ನಾನು ಯಾವ ದೊಡ್ಡ ರೆಸ್ಟೋರೆಂಟಿನಲ್ಲೂ ಕಾದಿಲ್ಲ.

ಇನ್ನು ಶಿಕಾಗೊ. ಅಲ್ಲಿ ನನ್ನ ಅಕ್ಕ, ಭಾವ ಇದ್ದಾರೆ. ಭಾವ ದಾವಣಗೆರೆಯವರು. ಬೆಣ್ಣೆ ದೋಸೆಯ ಊರಿನವರಿಗೆ ಬೆಣ್ಣೆ ಹಾಕಿ ಕಲಸಿದ ತಳದ ಡೀಪ್ ಡಿಶ್ ಪಿಜ್ಜಾ ಒಗ್ಗಿದ್ದರಲ್ಲಿ ಆಶ್ಚರ್ಯವಿಲ್ಲ. “ನೋಡಮ್ಮ, ಊಟ ಅಂದ್ರೆ ಹೊಟ್ಟೆ ತುಂಬ್‌ಬೇಕು. ನಿಮ್ಮೂರಿನ ಹಪ್ಪಳ ಎಷ್ಟು ತಿಂದ್ರೂ ಅಷ್ಟೇ ಐತೆ” ಎಂದು ಫೋನಿನಲ್ಲೂ ಬಿಡುವುದಿಲ್ಲ. “ಭಾವ, ಚಮಚದಲ್ಲಿ ತಿನ್ನುವಂಥದ್ದನ್ನ ಪಿಜ್ಜಾ ಅಂತ ಹೆಂಗೆ ಕರೀತೀರಿ?” ಅಂತ ನಾನೂ ಬಿಡುವುದಿಲ್ಲ. ಈ ಜಗಳ ನಮ್ಮಿಬ್ಬರದಷ್ಟೇ ಅಲ್ಲ. 2013ರಲ್ಲಿ ನ್ಯೂಯಾರ್ಕಿನ ಹೊಸ ಗೋಪುರ ಶಿಕಾಗೊದ ಗೋಪುರಕ್ಕಿಂತ ಎತ್ತರ ಎಂಬ ತೀರ್ಮಾನ ಬಂದಾಗ ಟೀವಿಯ ಜಾನ್ ಸ್ಟೀವರ್ಟ್ ಗೋಪುರವನ್ನು ಬಿಟ್ಟು ಡೀಪ್ ಡಿಶ್ ಮೇಲೆ ಹರಿಹಾಯ್ದಿದ್ದರು.

ಡೀಪ್ ಡಿಶ್ ಹುಟ್ಟಿದ್ದು 1943ರಲ್ಲಿ, ಪಿಜ್ಜೇರಿಯಾ ಉನೊ ಎಂಬಲ್ಲಿ. ಅದೇ ವರ್ಷ ಬೆಂಗಳೂರಿನ ಗಾಂಧಿ ಬಜಾರಿನಲ್ಲಿ ವಿದ್ಯಾರ್ಥಿ ಭವನ ಶುರುವಾಯಿತು ಎನ್ನುವುದು ನನಗೂ ಭಾವನಿಗೂ ಒಟ್ಟಿಗೆ ಖುಷಿ ಕೊಡುವ ಒಂದೇ ಒಂದು ವಿಷಯ. ಉನೊದ ಮಾಲೀಕರು ಐಕ್ ಸ್ಯೂವೆಲ್ ಮತ್ತು ರಿಕ್ ರಿಕಾರ್ಡೊ. ಆದರೆ ಹಿಟ್ಟಿನ ಹದ ಕಂಡುಕೊಂಡವರು ಯಾರು, ಅಲ್ಲಿ ಕೆಲಸ ಮಾಡುತ್ತಿದ್ದ ರೂಡಿ ಮಲ್ನಾಟಿಯೇ, ಅಡುಗೆಯ ಆಲಿಸ್ ಮೇ ರೆಡ್ಮಂಡ್ ಅವರೇ ಎಂಬ ಚರ್ಚೆ ಇನ್ನೂ ಇದೆ. ಅದರ ರಚನೆಯಲ್ಲಿ ಬುದ್ಧಿವಂತಿಕೆ ಇದೆ, ಅದನ್ನು ಒಪ್ಪಲೇಬೇಕು. ಎರಡಿಂಚು ಆಳದ ಉಕ್ಕಿನ ಪಾತ್ರೆ, ಬೇಯಲು ಅರ್ಧ ಗಂಟೆಯ ಮೇಲೆ. ಅಷ್ಟು ಹೊತ್ತು ಮೇಲಿದ್ದರೆ ಚೀಸು ಸುಟ್ಟುಹೋಗುತ್ತದೆ, ಅದಕ್ಕೇ ಚೀಸು ಅಡಿಗೆ, ಟೊಮೆಟೊ ಮೇಲಕ್ಕೆ. ಕೇಳಿದ ಮೇಲೆ ಮುಕ್ಕಾಲು ಗಂಟೆ ಕಾಯಬೇಕಾಗುತ್ತದೆ, ಹಾಗಾಗಿ ಅದು ಮನೆಮಂದಿಯೆಲ್ಲ ಕೂತು ಮಾತಾಡುವ ಊಟ. ಒಮ್ಮೆ ಮಾತ್ರ ಭಾವನ ಊರಿನ ಮುಂದೆ ನನ್ನ ವಾದ ಸಡಿಲವಾದದ್ದಿದೆ. ಅವರು ನನ್ನನ್ನು ಪೇಟೆಯ ನಡುವಿನ ಹೆಸರುವಾಸಿ ಜಾಗಗಳಿಗೆ ಕರೆದೊಯ್ಯದೆ ದಕ್ಷಿಣ ಭಾಗದ ವೀಟೊ ಆ್ಯಂಡ್ ನಿಕ್ಸ್‌ಗೆ ಕರೆದೊಯ್ದಿದ್ದರು. ಶಿಕಾಗೊದವರು ಶುಕ್ರವಾರ ಸಂಜೆ ನಿಜವಾಗಿ ತಿನ್ನುವುದು ಇದನ್ನು: ತೆಳು, ಗರಿಗರಿ, ದುಂಡು ಪಿಜ್ಜಾವನ್ನು ಚಚ್ಚೌಕ ತುಂಡುಗಳಾಗಿ ಕತ್ತರಿಸಿದ್ದು. ಬಾರುಗಳಲ್ಲಿ ಬಿಯರ್ ಜೊತೆಗೆ ತಟ್ಟೆಯಿಲ್ಲದೆ, ಒಂದು ಕಾಗದದ ನ್ಯಾಪ್‌ಕಿನ್ ಮೇಲೆ ಕೊಡಲೆಂದು ಬಂದ ಪದ್ಧತಿ. ಮೂಲೆಯ ಪುಟ್ಟ ತ್ರಿಕೋನದ ತುಂಡುಗಳಿಗೆ ಅಕ್ಕನ ಮಕ್ಕಳ ನಡುವೆ ಕಿತ್ತಾಟ. “ಇದನ್ನ ಮೊದಲೇ ತಿನ್ನಿಸಿದ್ರೆ ಇಷ್ಟು ವರ್ಷದ ಜಗಳ ಉಳೀತಿತ್ತಲ್ಲ ಭಾವ” ಅಂದೆ. “ಜಗಳ ಉಳಿಸಿ ಏನ್ಮಾಡ್ತೀಯಮ್ಮ?” ಅಂದರು.

ಡೆಟ್ರಾಯ್ಟಿನ ಕತೆ ನನಗೆ ಎಲ್ಲಕ್ಕಿಂತ ಇಷ್ಟ. 1946ರಲ್ಲಿ ಬಡ್ಡೀಸ್ ಎಂಬ ಬಾರಿನಲ್ಲಿ ಗಸ್ ಗುವೆರಾ ಪಿಜ್ಜಾ ಮಾಡಿದ್ದು ಆಯತಾಕಾರದ ನೀಲಿ ಉಕ್ಕಿನ ತಟ್ಟೆಗಳಲ್ಲಿ. ಕಾರು ಕಾರ್ಖಾನೆಗಳಲ್ಲಿ ಬಿಡಿಭಾಗ ಇಡಲು ಬಳಸುತ್ತಿದ್ದ ತಟ್ಟೆಗಳು ಅವು. ದಪ್ಪ ಉಕ್ಕು, ಓರೆ ಗೋಡೆ. ವಿಸ್ಕಾನ್ಸಿನ್ನಿನ ಬ್ರಿಕ್ ಚೀಸನ್ನು ಗೋಡೆಗೆ ತಾಗುವಂತೆ ಹರಡಿದರೆ ಅದು ಕರಗಿ ತಟ್ಟೆಗೂ ಹಿಟ್ಟಿಗೂ ನಡುವೆ ಇಳಿದು ಕಂದು ಗರಿಯಾಗುತ್ತದೆ. ಸಾಸು ಕೊನೆಗೆ, ಮೇಲೆ ಪಟ್ಟೆ ಪಟ್ಟೆಯಾಗಿ. ಒಂದು ಊರಿನ ಉದ್ಯೋಗವೇ ಅದರ ಪಿಜ್ಜಾದ ಆಕಾರವಾದದ್ದು ಇನ್ನೆಲ್ಲೂ ನನಗೆ ಗೊತ್ತಿಲ್ಲ. ಸೇಂಟ್ ಲೂಯಿಸ್ಸಿನವರ ಬಗ್ಗೆ ಇಷ್ಟು ಮೆಚ್ಚುಗೆ ನನಗಿಲ್ಲ. ಯೀಸ್ಟ್ ಹಾಕದ ತಳ ಸರಿ, ಆದರೆ ಚೆಡ್ಡರ್, ಸ್ವಿಸ್, ಪ್ರೊವೊಲೊನೆ ಬೆರೆಸಿ ಮಾಡಿದ ಪ್ರೊವೆಲ್ ಎಂಬ ಚೀಸು ಹಲ್ಲಿಗೆ ಮೇಣದಂತೆ ಅಂಟುತ್ತದೆ. ಅಲ್ಲಿ ಬೆಳೆದವರು ಅದಕ್ಕಾಗಿ ಹಾತೊರೆಯುವುದನ್ನು ಕಂಡಿದ್ದೇನೆ. ಅವರ ಹಾತೊರೆತಕ್ಕೆ ಗೌರವ, ಚೀಸಿಗೆ ಇಲ್ಲ.

ಇದೆಲ್ಲದಕ್ಕೂ ತಾಯಿಬೇರು ನೇಪಲ್ಸ್. ಅಲ್ಲಿ 1984ರಲ್ಲಿ ಒಂದು ಸಂಘ ಕಟ್ಟಿಕೊಂಡು ನಿಜವಾದ ನೇಪಲ್ಸ್ ಪಿಜ್ಜಾ ಹೇಗಿರಬೇಕು ಎಂದು ನಿಯಮ ಬರೆದಿಟ್ಟರು: ಸೌದೆ ಒಲೆ, 60ರಿಂದ 90 ಸೆಕೆಂಡಿನಲ್ಲಿ ಬೇಯಬೇಕು, ಹಿಟ್ಟನ್ನು ಕೈಯಲ್ಲೇ ತಟ್ಟಬೇಕು. 2017ರಲ್ಲಿ ಅಲ್ಲಿಯ ಪಿಜ್ಜಾ ಮಾಡುವವರ ಕಲೆ ಯುನೆಸ್ಕೊ ಪಟ್ಟಿಗೂ ಸೇರಿತು. ಅದು ಆಗಬೇಕಾದದ್ದೇ. ಆದರೆ ಆ ನಿಯಮ ಹೊತ್ತುಕೊಂಡು ಹಡಗು ಹತ್ತಿದ್ದರೆ ಪೆಪೆ ವೂಸ್ಟರ್ ಸ್ಟ್ರೀಟಿನಲ್ಲಿ ಸೌದೆಗೆ ಕಾದು ಕೂತಿರಬೇಕಾಗುತ್ತಿತ್ತು. ಅವರಿಗೆ ಸಿಕ್ಕದ್ದು ಕಲ್ಲಿದ್ದಲು. ಆ ಕಾಲಕ್ಕೆ ಅಗ್ಗ, ಮನೆಮನೆಗೂ ಬರುತ್ತಿತ್ತು. ಅದರಲ್ಲೇ ಸುಟ್ಟರು. ಆ ಒಲೆಗಳಿಗೆ ಈಗ ಕಷ್ಟಕಾಲ. ನ್ಯೂಯಾರ್ಕ್ ನಗರ ಹೊಗೆಯ ಕಣಗಳನ್ನು ಶೇಕಡ 75ರಷ್ಟು ತಗ್ಗಿಸಬೇಕೆಂಬ ನಿಯಮವನ್ನು ಹಳೆಯ ಕಲ್ಲಿದ್ದಲು, ಸೌದೆ ಒಲೆಗಳಿಗೂ ತಂದಿದೆ. ಪಕ್ಕದ ಮನೆಯವರ ಉಸಿರು ಮುಖ್ಯ, ನಿಯಮ ಬೇಕು. ಶೋಧಕ ಯಂತ್ರದ ಖರ್ಚನ್ನು ಸಣ್ಣ ಅಂಗಡಿಯೊಂದರ ತಲೆಗೇ ಕಟ್ಟದೆ ನಗರವೂ ಹಂಚಿಕೊಂಡರೆ ನ್ಯಾಯ ಎನ್ನುವುದು ನನ್ನ ಅಭಿಪ್ರಾಯ. ಅಂಥ ಒಲೆ ಒಮ್ಮೆ ಆರಿದರೆ ಅದರ ಜಾಗಕ್ಕೆ ಇನ್ನೊಂದು ಬರುವುದು ಬಲು ಅಪರೂಪ.

2024ರಲ್ಲಿ ನಮ್ಮ ಸಂಸದೆ ರೋಸಾ ಡಿಲಾರೊ ನ್ಯೂ ಹೇವನ್ನೇ ದೇಶದ ಪಿಜ್ಜಾ ರಾಜಧಾನಿ ಎಂದು ಅಮೆರಿಕದ ಸಂಸತ್ತಿನ ದಾಖಲೆಯಲ್ಲಿ ಸೇರಿಸಿದರು. ನ್ಯೂಯಾರ್ಕು, ನ್ಯೂಜೆರ್ಸಿಯವರು ರೇಗಿದರು. ಆ ಸುದ್ದಿ ಬಂದ ವಾರ ನಮ್ಮ ಕನ್ನಡ ಕೂಟದ ಕಾರ್ಯಕ್ರಮವಿತ್ತು. ದೊಡ್ಡವರಿಗೆ ಬಿಸಿಬೇಳೆ ಬಾತ್, ಮೊಸರನ್ನ. ಮಕ್ಕಳಿಗೆ ವಾಡಿಕೆಯಂತೆ ಪಿಜ್ಜಾ ಪೆಟ್ಟಿಗೆಗಳ ಸಾಲು. ನ್ಯೂಜೆರ್ಸಿಯಿಂದ ಬಂದಿದ್ದ ಹುಡುಗನೊಬ್ಬ ತನ್ನ ರಾಜ್ಯದ್ದೇ ಮೇಲು ಅಂದಾಗ ನನ್ನ ಮಗಳು ಎದ್ದು ನಿಂತು, ಕನ್ನಡದಲ್ಲೇ, “ನಮ್ಮೂರಿಗೆ ಬಂದು ಹಂಗೆಲ್ಲ ಹೇಳ್ಬೇಡ” ಅಂದಳು. ನಮ್ಮೂರು ಅಂದರೆ ಅವಳಿಗೆ ನ್ಯೂ ಹೇವನ್. ಅವಳಪ್ಪನಿಗೆ, ನನಗೆ ಆ ಮಾತಿನ ಅರ್ಥ ಬೇರೆ ಊರು. ಆದರೆ ಆ ಹೊತ್ತಿಗೆ ನಾನು ಅವಳ ಪಕ್ಕ ಹೋಗಿ ನಿಂತೆ.

ದಿನನಿತ್ಯ ನಾವೇನೂ ವೂಸ್ಟರ್ ಸ್ಟ್ರೀಟಿಗೆ ಹೋಗುವುದಿಲ್ಲ. ಶುಕ್ರವಾರ ಸಂಜೆ ನಮ್ಮನ್ನು ಸಾಕುವುದು ಮನೆಯ ಹತ್ತಿರದ ಒಂದು ‘ಹೌಸ್ ಆಫ್ ಪಿಜ್ಜಾ’. ನ್ಯೂ ಇಂಗ್ಲೆಂಡಿನ ಊರೂರಿಗೂ ಇಂಥದ್ದಿದೆ, ಬಹುಪಾಲು ಗ್ರೀಸಿನಿಂದ ಬಂದ ಕುಟುಂಬಗಳು ಕಟ್ಟಿದವು. ಎಣ್ಣೆ ಸವರಿದ ತಟ್ಟೆಯಲ್ಲೇ ಹಿಟ್ಟು ಉಬ್ಬಿಸಿ ಬೇಯಿಸುತ್ತಾರೆ, ತಳ ಕರಿದಂತಾಗುತ್ತದೆ. ಯಾವ ದಾಖಲೆಯಲ್ಲೂ ಇದರ ಹೆಸರಿಲ್ಲ, ಯಾರೂ ದೂರದಿಂದ ಬಂದು ಸಾಲು ನಿಲ್ಲುವುದಿಲ್ಲ. ಅಂಗಡಿಯ ಅಜ್ಜಿ ಮಾತ್ರ ನನ್ನ ದನಿ ಕೇಳಿದ ಕೂಡಲೇ ಹಸಿಮೆಣಸು, ಈರುಳ್ಳಿ ಜಾಸ್ತಿ ಎಂದು ತಾನೇ ಬರೆದುಕೊಳ್ಳುತ್ತಾಳೆ. ಮಗಳು ಪರೀಕ್ಷೆಯಲ್ಲಿ ಹೇಗೆ ಮಾಡಿದಳೆಂದು ಕೇಳುತ್ತಾಳೆ. ಈ ಅಂಗಡಿಯನ್ನು ಯಾರಾದರೂ ಹಗುರವಾಗಿ ಆಡಿದರೆ ನನಗೆ ಪೆಪೆಯನ್ನು ಆಡಿದ್ದಕ್ಕಿಂತ ಹೆಚ್ಚು ನೋವಾಗುತ್ತದೆ.

ಭಾವ ಈ ಬೇಸಿಗೆಗೆ ಬರುತ್ತಾರಂತೆ. ನನ್ನ ಯೋಜನೆ ಸಿದ್ಧವಾಗಿದೆ. ವೂಸ್ಟರ್ ಸ್ಟ್ರೀಟಿನಲ್ಲಿ ಬಾಗಿಲು ತೆಗೆಯುವ ಅರ್ಧ ಗಂಟೆ ಮೊದಲೇ ಹೋಗಿ ನಿಲ್ಲಬೇಕು, ಶನಿವಾರ ಬೇಡ. ಚಿಕ್ಕ ಪ್ಲೇನ್ ಒಂದು, ಅದು ಮುಗಿಯುವ ತನಕ ಬೇರೇನನ್ನೂ ಹೇಳಬಾರದು. ಆಮೇಲೆ ಅವರ ಸಮಾಧಾನಕ್ಕೆ ಮೊಜರೆಲ್ಲಾ, ಅಣಬೆ ಹಾಕಿದ್ದೊಂದು. ಕುಡಿಯಲು ಪಕ್ಕದ ಈಸ್ಟ್ ಹೇವನ್ನಿನ ಫಾಕ್ಸನ್ ಪಾರ್ಕ್ ಸೋಡಾ, ಬರ್ಚ್ ಮರದ ಪರಿಮಳದ್ದು. ಬೆಣ್ಣೆ ಕೇಳಿದರೆ ಇಲ್ಲ ಅಂತ ನಾನೇ ಮುಂಚಿತವಾಗಿ ಹೇಳಿದ್ದೇನೆ. ಅವರು ಅಕ್ಕನ ಹತ್ತಿರ, “ತಿಂದು ನೋಡೇ ಮಾತಾಡ್ತೀನಿ” ಅಂದಿದ್ದಾರಂತೆ.